ಸೂಫಿ ಪರಂಪರೆಯ ಇತಿಹಾಸ ಓದುವುದು ಹೇಗೆ?

ಪವಾಡದ ಕಥೆಗಳಿಂದ ಓದು ಶುರು ಮಾಡಿದರೆ ಯಾರು ಮೊದಲು, ಯಾರು ನಂತರ ಎಂಬುದೇ ಕಲಸಿಹೋಗುತ್ತದೆ. ಮೊದಲು ಒಂದು ಹಾಳೆಯಲ್ಲಿ ಹೆಸರು, ಊರು, ತೀರಿಕೊಂಡ ವರ್ಷ ಎಂದು ಮೂರು ಕಾಲಂ ಎಳೆಯಿರಿ. ಹುಟ್ಟಿದ ವರ್ಷ ಹಲವರದ್ದು ಸಿಗುವುದಿಲ್ಲ, ಅದಕ್ಕೆ ಕಾಯಬೇಡಿ.

ಹಳೆಯ ಗ್ರಂಥಗಳಲ್ಲಿರುವುದು ಹಿಜರಿ ವರ್ಷ, ಅಂದರೆ ಇಸವಿ 622ರಿಂದ ಎಣಿಸುವ ಇಸ್ಲಾಮಿ ಚಾಂದ್ರಮಾನ ವರ್ಷ. ಅದು ಇಸವಿಯ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ನೇರವಾಗಿ 622 ಕೂಡಿಸುವಂತಿಲ್ಲ. 0.97ರಿಂದ ಗುಣಿಸಿ, ಆಮೇಲೆ 622 ಕೂಡಿಸಿ. ಬಾಗ್ದಾದಿನಲ್ಲಿ ಸೂಫಿ ಸಂತ ಹಲ್ಲಾಜರಿಗೆ ಮರಣದಂಡನೆಯಾದದ್ದು ಹಿಜರಿ 309ರಲ್ಲಿ. ಲೆಕ್ಕ ಹಾಕಿದರೆ 921.73 ಬರುತ್ತದೆ, ನಿಜವಾದ ಇಸವಿ 922. ಬರೀ ಕೂಡಿಸಿದ್ದರೆ 931 ಬಂದು ಒಂಬತ್ತು ವರ್ಷ ತಪ್ಪುತ್ತಿತ್ತು. ಈ ಸೂತ್ರದಲ್ಲೂ ಒಂದು ವರ್ಷದ ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಈಗ ಹೆಸರು ತುಂಬಿಸಿ; ಆವರಣದಲ್ಲಿರುವುದು ತೀರಿಕೊಂಡ ಇಸವಿ. ಮೊದಲ ಘಟ್ಟ ವೈರಾಗ್ಯದ್ದು: ಬಸ್ರಾದ ಹಸನ್ ಬಸ್ರಿ (728), ಅದೇ ಊರಿನ ರಾಬಿಯಾ (801). ಆಗಿನ್ನೂ ಪಂಥಗಳು ಕಟ್ಟಿಕೊಂಡಿರಲಿಲ್ಲ. ಸಾಮ್ರಾಜ್ಯಕ್ಕೆ ಸಂಪತ್ತು ಹರಿದು ಬರುತ್ತಿದ್ದ ಕಾಲದಲ್ಲಿ ಇವರು ಉಪವಾಸ, ಪ್ರಾರ್ಥನೆ, ದೇವಭಯ ಎಂದು ಬದುಕಿದವರು. ಭಯದ ಜಾಗದಲ್ಲಿ ಪ್ರೇಮವನ್ನು ತಂದವರು ರಾಬಿಯಾ ಎಂಬ ಖ್ಯಾತಿಯಿದೆ. ಆದರೆ ಜನಪ್ರಿಯವಾಗಿರುವ ಅವರ ಕಥೆಗಳಲ್ಲಿ ಅನೇಕವು ಸುಮಾರು ನಾಲ್ಕು ಶತಮಾನದ ನಂತರ ಬಂದ ಪರ್ಷಿಯನ್ ಕವಿ ಅತ್ತಾರರ ಬರಹದ ಮೂಲಕ ಹಬ್ಬಿದವು. ಆದ್ದರಿಂದ ಪ್ರತಿ ಕಥೆಯ ಪಕ್ಕದಲ್ಲೂ ಅದನ್ನು ಬರೆದವರ ಕಾಲವನ್ನು ಗುರುತು ಹಾಕಲೇಬೇಕು.

ಎರಡನೆಯದು ಬಾಗ್ದಾದಿನ ಘಟ್ಟ, ಜುನೈದ್ (910) ಇದರ ಕೇಂದ್ರ. ಹಲ್ಲಾಜರ ಸಾವಿಗೆ ‘ಅನಲ್ ಹಖ್’ (ನಾನೇ ಸತ್ಯ) ಎಂಬ ಮಾತೊಂದೇ ಕಾರಣ ಎಂದು ಬರೆದುಕೊಳ್ಳಬೇಡಿ. ಹಜ್ ಯಾತ್ರೆಯ ಕುರಿತ ಆರೋಪವಿತ್ತು, ದರ್ಬಾರಿನ ರಾಜಕೀಯವೂ ಇತ್ತು. ಸೂಫಿ ಮಾರ್ಗವನ್ನು ಶರಿಯತ್ತಿನೊಂದಿಗೆ ಹೊಂದಿಸಿದ ಕೀರ್ತಿಯನ್ನು ಗಜಾಲಿ (1111) ಒಬ್ಬರಿಗೇ ಕೊಡುವುದೂ ಸರಿಯಲ್ಲ; ಖುಷೈರಿ (1072) ಆ ಕೆಲಸವನ್ನು ಅರ್ಧ ಶತಮಾನ ಮೊದಲೇ ಮಾಡಿದ್ದರು.

ಮೂರನೆಯದು ತರೀಖಾಗಳ, ಅಂದರೆ ಸೂಫಿ ಪಂಥಗಳ ಘಟ್ಟ, 12-13ನೇ ಶತಮಾನ. ಬಾಗ್ದಾದಿನ ಅಬ್ದುಲ್ ಖಾದಿರ್ ಜೀಲಾನಿ (1166), ಅಜ್ಮೀರದ ಮುಈನುದ್ದೀನ್ ಚಿಷ್ತಿ (1236), ಕೋನ್ಯಾದ ರೂಮಿ (1273). ಇಲ್ಲಿ ಗುರುವಿನ ಕಾಲವನ್ನೇ ಪಂಥದ ಕಾಲವೆಂದು ತಿಳಿದರೆ ಎಡವುತ್ತೀರಿ. ರೂಮಿಯನ್ನು ಗುರುವೆನ್ನುವ ಮೌಲವಿ ಪಂಥಕ್ಕೆ ವ್ಯವಸ್ಥಿತ ರೂಪ ಬಂದದ್ದು ಅವರ ಮಗ ಸುಲ್ತಾನ್ ವಲದ್ (1312) ಅವರಿಂದ.

ಸಿಲ್ಸಿಲಾ, ಅಂದರೆ ಗುರುಪರಂಪರೆಯ ಸರಪಳಿ, ಕೊನೆಗೆ ನೋಡಿ. ಪ್ರತಿ ಗುರು-ಶಿಷ್ಯ ಜೋಡಿಯ ವರ್ಷಗಳನ್ನು ಹೋಲಿಸಿ. ಹಲವು ಸರಪಳಿಗಳು ಹಸನ್ ಬಸ್ರಿಯ ಮೂಲಕ ಪ್ರವಾದಿಯ ಅಳಿಯ ಹಜರತ್ ಅಲಿಯನ್ನು ಮುಟ್ಟುತ್ತವೆ. ಅಲಿ 661ರಲ್ಲಿ ಹತರಾದಾಗ 642ರಲ್ಲಿ ಹುಟ್ಟಿದ ಹಸನ್ ಬಸ್ರಿಗೆ 19 ವರ್ಷ. ಭೇಟಿಗೆ ಕಾಲ ಅಡ್ಡಿಯಿಲ್ಲ, ಆದರೂ ಉಪದೇಶ ಪಡೆದರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ನಖ್ಷ್‌ಬಂದಿ ಪಂಥದ ಸರಪಳಿಯಲ್ಲಿ ಖರಕಾನಿ (1033) ಅವರ ಗುರು ಬಾಯಜೀದ್. ಆದರೆ ಖರಕಾನಿ ಹುಟ್ಟುವ ಮೊದಲೇ ಬಾಯಜೀದ್ ತೀರಿಕೊಂಡಿದ್ದರು; ಇಬ್ಬರ ಸಾವಿನ ನಡುವೆ ಸುಮಾರು ಒಂದೂವರೆ ಶತಮಾನದ ಅಂತರವಿದೆ. ಇದನ್ನು ಬರೆದವರ ತಪ್ಪೆಂದು ಹೊಡೆದು ಹಾಕಬೇಡಿ. ಕಣ್ಣಾರೆ ಕಾಣದ ಗುರುವಿನಿಂದ ಆತ್ಮದ ಮೂಲಕ ದೀಕ್ಷೆ ಪಡೆಯುವುದನ್ನು ಸೂಫಿಗಳು ಉವೈಸಿ ಎನ್ನುತ್ತಾರೆ. ಅಂಥ ಕೊಂಡಿಗಳನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದಿಡಿ.