ಓಮ್ನಿಯ ಪ್ಲಗ್ ಥ್ರೆಡ್ ಹೋದರೆ ಹಿತ್ತಾಳೆ ಬುಷ್: ಹೆಡ್ ಇಳಿಸದೆ ಮಾಡಿದ ನನ್ನ ಅನುಭವ

ಓಮ್ನಿಯ ಸೀಟ್ ಎತ್ತಿ ಮೂರನೇ ನಂಬರ್ ಪ್ಲಗ್ ಬಿಚ್ಚಿದಾಗ, ಅದರ ಥ್ರೆಡ್ಡಿಗೆ ಅಲ್ಯೂಮಿನಿಯಂ ಎಳೆ ಸುರುಳಿಯಾಗಿ ಸುತ್ತಿಕೊಂಡು ಬಂತು ಅಂದರೆ ಹುಬ್ಬಳ್ಳಿಯಲ್ಲಿ ಸಿಗುವ ಸಲಹೆ ಒಂದೇ: "ಹೆಡ್ ಇಳಸ್ರಿ, ಆರ್ಗನ್ ಹೊಡಸ್ರಿ, ಇಲ್ಲಾ ಬ್ಯಾರೆ ಹೆಡ್ ಹಾಕ್ರಿ." ಹೆಡ್ ಅಂದರೆ ಪ್ಲಗ್ ಕೂರುವ, ಇಂಜಿನ್ನಿನ ಅಲ್ಯೂಮಿನಿಯಂ ಮೇಲ್ಭಾಗ; ಆರ್ಗನ್ ಅಂದರೆ ಆರ್ಗನ್ ವೆಲ್ಡಿಂಗ್. ಹಿತ್ತಾಳೆ ಬುಷ್ (ಕೆಟ್ಟ ತೂತಿನಲ್ಲಿ ಕೂರಿಸುವ, ಒಳಗೂ ಹೊರಗೂ ಥ್ರೆಡ್ ಇರುವ ಕೊಳವೆ) ಮಾಡಿಕೊಡಿ ಅಂತ ಗೋಕುಲ ರೋಡಿನ ಲೇತ್ ಅಂಗಡಿಗಳಲ್ಲಿ ಕೇಳಿದಾಗಲೂ "ಬೈಕಿಗೆ ನಡೀತೈತ್ರಿ, ಗ್ಯಾಸ್ ಗಾಡಿಗೆ ನಿಲ್ಲೂದಿಲ್ಲ" ಅಂದರು. ನಾನು ಹಾಕಿದ ಮೊದಲ ಮೂರು ಬುಷ್ (ಅದರಲ್ಲಿ ಒಂದು ಸ್ಟೀಲಿನದು) ನಿಲ್ಲಲಿಲ್ಲ, ಅದು ಖರೆ. ಆಮೇಲೆ ಹಾಕಿದ ಏಳೂ ನಿಂತಿವೆ, ಒಂದಕ್ಕೂ ಹೆಡ್ ಇಳಿಸಿಲ್ಲ. ಆ ಏಳರಲ್ಲಿ ಹಳೆಯದು 22 ಸಾವಿರ ಕಿ.ಮೀ. ದಾಟಿದೆ. ಅಷ್ಟರಲ್ಲಿ ಪ್ಲಗ್ ನಾಲ್ಕು ಸಲ ಬದಲಾಗಿದೆ, ಬುಷ್ ಕದಲಿಲ್ಲ.

ಥ್ರೆಡ್ ಯಾಕೆ ಹೋಗುತ್ತದೆ ಅನ್ನೋದು ನಿಮಗೆ ಗೊತ್ತು: ಬಿಸಿ ಇಂಜಿನ್ನಿನಲ್ಲಿ ಪ್ಲಗ್ ಬಿಚ್ಚುವುದು, ಮೊದಲ ಸುತ್ತಿನಿಂದಲೇ ಪಾನಾ ಹಾಕಿ ತಿರುಗಿಸುವುದು. ಒಂದು ಕಾರಣ ಮಾತ್ರ ಭಾಳ ಜನ ನೋಡುವುದಿಲ್ಲ. 796 ಸಿಸಿ ಇಂಜಿನ್ನಿಗೆ ಬೇಕಾದ ಬಿಪಿಆರ್5ಇವೈ ಪ್ಲಗ್ಗಿನ ರೀಚ್, ಅಂದರೆ ಥ್ರೆಡ್ ಭಾಗದ ಉದ್ದ, 19 ಮಿ.ಮೀ. ಅರ್ಜೆಂಟಿಗೆ ಬೈಕಿನ 12.7 ಮಿ.ಮೀ. ರೀಚಿನ ಪ್ಲಗ್ ಹಾಕಿ ಓಡಿಸಿದ ಗಾಡಿಗಳಿವೆ. ಹೊರಗಿನ ಥ್ರೆಡ್ ಒಂದೇ ಆದ್ದರಿಂದ ಅದು ಕೂರುತ್ತದೆ. ಆದರೆ ಕೆಳಗೆ ತೆರೆದುಕೊಂಡ ಐದು ಥ್ರೆಡ್ಡಿನಲ್ಲಿ ಕಾರ್ಬನ್ ಕಲ್ಲಾಗಿ ಕೂರುತ್ತದೆ. ಮುಂದೆ ಯಾರೋ ಸರಿಯಾದ ಪ್ಲಗ್ ತಂದು ಜೋರು ಮಾಡಿ ತಿರುಗಿಸಿದಾಗ ಆ ಕಾರ್ಬನ್ನೇ ಅಲ್ಯೂಮಿನಿಯಂ ಕಿತ್ತುಹಾಕುತ್ತದೆ. ಕೆಡಿಸಿದವನು ಒಬ್ಬ, ಬೈಗುಳ ತಿನ್ನುವವನು ಇನ್ನೊಬ್ಬ.

ಕೈಕೊಟ್ಟ ಪ್ರಯತ್ನಗಳನ್ನು ಮೊದಲು ಹೇಳುತ್ತೇನೆ, ದುಡ್ಡು ಹೋದದ್ದು ಅಲ್ಲೇ. ಪ್ಲಗ್ಗಿಗೆ ತಾಮ್ರದ ತಂತಿ ಸುತ್ತಿ ಬಿಗಿಯುವುದು ಅಣ್ಣಿಗೇರಿ ದಾಟುವವರೆಗೂ ಬರಲಿಲ್ಲ. ಹೆಲಿಕಾಯಿಲ್ (ಹೊಸ ಥ್ರೆಡ್ಡಿಗಾಗಿ ತೂತಿನಲ್ಲಿ ಕೂರಿಸುವ ತಂತಿಯ ಸುರುಳಿ) ಚಲೋ ಸಾಮಾನು, ಆದರೆ ಹೆಡ್ ಗಾಡಿಯಲ್ಲೇ ಇದ್ದಾಗ ಅದರ ತುದಿಯ ಕಡ್ಡಿ ಮುರಿಯುವುದು ಅಪಾಯ. ನನಗೆ ಅದು ಸಿಲಿಂಡರ್ ಒಳಗೇ ಬಿತ್ತು. ಸ್ಟೇನ್‌ಲೆಸ್ ಆದ್ದರಿಂದ ಮ್ಯಾಗ್ನೆಟ್ಟಿಗೆ ಸರಿಯಾಗಿ ಅಂಟುವುದೂ ಇಲ್ಲ. ಕೊನೆಗೆ ಆ ಹೆಡ್ ಇಳಿಸಲೇಬೇಕಾಯಿತು: ಗ್ಯಾಸ್ಕೆಟ್, ಆಯಿಲ್, ಕೂಲಂಟ್, ಎರಡು ದಿನದ ಮಜೂರಿ ಸೇರಿ ಹತ್ತಿರ ಹತ್ತಿರ 4,500 ಕೈಯಿಂದ ಹೋಯಿತು. ಹೊರದೇಶದ ಗಟ್ಟಿ ಬುಷ್ ಕಿಟ್ ಇದೆ, ಕೆಲಸ ಚೊಕ್ಕ, ಆದರೆ ವರ್ಷಕ್ಕೆ ನಾಲ್ಕು ಗಾಡಿ ಬರುವ ಕೆಲಸಕ್ಕೆ ಹತ್ತು ಸಾವಿರದ ಮೇಲೆ ಹಾಕುವುದು ಹೊಂದುವುದಿಲ್ಲ.

ಬುಷ್ ವಿಷಯಕ್ಕೆ ಬಂದರೆ ಮೊದಲನೆಯದು ಇಎನ್8 ಸ್ಟೀಲಿನದು. ತಣ್ಣಗಿದ್ದಾಗ ಬಿಗಿ, ಬಿಸಿಯಾದ ಮೇಲೆ ಸಡಿಲ. ಅಲ್ಯೂಮಿನಿಯಂ ಹಿಗ್ಗುವುದರಲ್ಲಿ ಸ್ಟೀಲ್ ಅರ್ಧದಷ್ಟೇ ಹಿಗ್ಗುತ್ತದೆ. ತೂತು ದೊಡ್ಡದಾಗುತ್ತದೆ, ಬುಷ್ ಹಿಂದೆ ಉಳಿಯುತ್ತದೆ. ಹಿತ್ತಾಳೆ ಅಲ್ಯೂಮಿನಿಯಂಗೆ ಹತ್ತಿರ ಹತ್ತಿರ ಸಮ ಹಿಗ್ಗುತ್ತದೆ. ಹಾಗಾದರೆ ಅಲ್ಯೂಮಿನಿಯಂ ಬುಷ್ಷೇ ಯಾಕಾಗಬಾರದು ಅಂತ ಒಂದು ಕೆಟ್ಟ ಹೆಡ್ಡಿನ ಮೇಲೆ ನೋಡಿದೆ. ಹತ್ತಾರು ಸಲ ಬಿಸಿ ಮಾಡಿ ಪ್ಲಗ್ ಬಿಚ್ಚುವಷ್ಟರಲ್ಲಿ ಮತ್ತೆ ಅದೇ ಸುರುಳಿ ಎದ್ದಿತು.

ಈಗ ಹಾಕುವ ಬುಷ್: ಹೊರಗೆ ಎಂ18×1.5 (18 ಮಿ.ಮೀ. ಅಗಲದ ಥ್ರೆಡ್, ಎಳೆಯಿಂದ ಎಳೆಗೆ 1.5 ಮಿ.ಮೀ.), ಒಳಗೆ ಪ್ಲಗ್ಗಿನ ಎಂ14×1.25. ಮೇಲೆ 22 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಕಾಲರ್. ಕಾಲರ್ ಸೇರಿ ಒಟ್ಟು ಉದ್ದ 18.5. ಎರಡು ಥ್ರೆಡ್ಡಿನ ನಡುವೆ ಉಳಿಯುವ ಗೋಡೆ ಒಂದು ಮಿ.ಮೀ.ಗಿಂತ ಕೂದಲೆಳೆ ಹೆಚ್ಚು, ಅಷ್ಟೇ. ಹಾಗಾಗಿ ಲೇತ್‌ನವನಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ಒಳಗಿನ ಟ್ಯಾಪ್ (ಒಳ ಥ್ರೆಡ್ ಕೊರೆಯುವ ಹತಾರ) ಮೊದಲು, ಹೊರಗಿನ ಥ್ರೆಡ್ ಆಮೇಲೆ. ಹೊರಗಿನದು ಮೊದಲು ತೆಗೆದರೆ, ಒಳಗೆ ಟ್ಯಾಪ್ ಇಳಿಸುವಾಗ ಬುಷ್ ಉಬ್ಬುತ್ತದೆ. ಎರಡು ಬುಷ್ ಹಾಗೇ ಸೀಳಿದವು. ಹೊರ ಥ್ರೆಡ್ಡಿಗೆ ಎಷ್ಟು ಸಡಿಲ ಬಿಡಬೇಕು ಅನ್ನೋದು ನಾನು ಒಂದು ವರ್ಷ ಕೆಡಿಸಿ ಕಲಿತದ್ದು, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಗಾಡಿಯ ಮೇಲೆ ಕೆಲಸ ಶುರು ಮಾಡುವ ಮುಂಚೆ ಗ್ಯಾಸ್ ಸಿಲಿಂಡರಿನ ವಾಲ್ವ್ ಬಂದ್ ಮಾಡಿ, ಬ್ಯಾಟರಿ ವೈರ್ ಬಿಚ್ಚಿ. ಟಾರ್ಚ್ ಹಿಡಿದು ತೂತಿನಿಂದ ವಾಲ್ವ್ ಸೀಟಿನ ಕಡೆಗೆ ಗೆರೆ ಇದೆಯಾ ನೋಡಿ. ಕ್ರ್ಯಾಕ್ ಇದ್ದರೆ ಬುಷ್ ಬೇಡ, ಆ ಹೆಡ್ ಇಳಿಸಲೇಬೇಕು. ಎರಡೂ ವಾಲ್ವ್ ಮುಚ್ಚಿರಬೇಕು, ಹಾಗಿದ್ದಾಗ ಪಿಸ್ಟನ್ ಆದಷ್ಟು ಕೆಳಗಿರಬೇಕು.

ಎರಡನೇ ಬುಷ್ ಕೆಟ್ಟದ್ದು ತೂತು ವಾರೆ ಆಗಿ. ಪ್ಲಗ್ ಒಂದು ಕಡೆ ಮಾತ್ರ ಕೂತು, ಇನ್ನೊಂದು ಕಡೆಯಿಂದ ಕಪ್ಪು ಮಸಿ ಹೊರಗೆ ಬರುತ್ತಿತ್ತು. ಪವರ್ ಡ್ರಿಲ್ ಹಿಡಿದದ್ದೇ ತಪ್ಪು. ಇದ್ದ ತೂತನ್ನು ಅಗಲ ಮಾಡುವಾಗ ಬಿಟ್ ಅಲ್ಯೂಮಿನಿಯಂ ಕಚ್ಚಿ ತನ್ನಷ್ಟಕ್ಕೆ ಒಳಗೆ ಎಳೆದುಕೊಳ್ಳುತ್ತದೆ. ಈಗ 16.5ರ ಬಿಟ್ಟಿನ ಬಾಯಿಯ ಚೂಪನ್ನು ಕಲ್ಲಿಗೆ ಹಿಡಿದು ಸ್ವಲ್ಪ ಸಪಾಟು ಮಾಡಿದ್ದೇನೆ. ಅದರ ಮೂತಿಗೆ ನುಣುಪಾದ ಪೈಲಟ್ ಇದೆ, ಅಂದರೆ ಹಳೇ ತೂತಿನಲ್ಲಿ ಕೂತು ಬಿಟ್ಟನ್ನು ನೇರ ಇಳಿಸುವ ಗುಂಡು ಕಡ್ಡಿ. ಟಿ ಹ್ಯಾಂಡಲ್ ಹಾಕಿ ಕೈಯಿಂದಲೇ ತಿರುಗಿಸುತ್ತೇನೆ, ಅರ್ಧ ತಾಸು ಹಿಡಿಯುತ್ತದೆ. ಪೈಲಟ್ ಮೂರು ಸೈಜಿನವು ಇಟ್ಟಿದ್ದೇನೆ: 12.7, 13.2, 13.6. ಎಷ್ಟು ಥ್ರೆಡ್ ಉಳಿದಿದೆ ನೋಡಿ ಆರಿಸಬೇಕು. ಸರಾಗ ಜಾರಬೇಕು, ಅಲ್ಲಾಡಬಾರದು. ಎಂ18 ಟ್ಯಾಪಿಗೂ ಹಾಗೇ ಮುಂದೆ ಪೈಲಟ್ ಮಾಡಿಸಿದ್ದೇನೆ.

ಬಿಟ್ಟಿಗೂ ಟ್ಯಾಪಿಗೂ ಗ್ರೀಸ್ ತುಂಬಿ. ಕಾಲು ಸುತ್ತು ಮುಂದೆ, ಸ್ವಲ್ಪ ಹಿಂದೆ. ಎರಡು ಮೂರು ಸುತ್ತಿಗೊಮ್ಮೆ ಹೊರಗೆ ತೆಗೆದು ಒರೆಸಿ, ಹೊಸ ಗ್ರೀಸ್. ಕೆಳಗೆ ತೂತು ಬೀಳುವ ಕೊನೆಯ ಎರಡು ಸುತ್ತಿನಲ್ಲೇ ಚೂರು ಒಳಗೆ ಬೀಳುವುದು, ಅಲ್ಲಿ ಆತುರ ಮಾಡಬೇಡಿ. ಆಮೇಲೆ ವ್ಯಾಕ್ಯೂಮಿಗೆ ಸಣ್ಣ ಪೈಪ್ ಟೇಪ್ ಸುತ್ತಿ ಒಳಗೆಲ್ಲ ಎಳೆಸಿ. ಎಕ್ಸಾಸ್ಟ್ ವಾಲ್ವ್ ತೆರೆಯುವಷ್ಟು ಇಂಜಿನ್ ತಿರುಗಿಸಿ ಗಾಳಿ ಹೊಡೆಯಿರಿ. ಕೊನೆಗೆ ಬ್ಯಾಟರಿ ಜೋಡಿಸಿ, ಕಾಯಿಲ್ ವೈರ್ ಬಿಚ್ಚಿ, ತೂತಿನ ಮೇಲೆ ಬಿಳಿ ಬಟ್ಟೆ ಹಿಡಿದು ಸೆಲ್ಫ್ ಹೊಡೆಯಿರಿ. ಬಟ್ಟೆಯ ಮೇಲೆ ಮಿನುಗು ಬೀಳುವುದು ನಿಲ್ಲುವವರೆಗೆ ಇದೇ ಕೆಲಸ.

ಕಾಲರ್ ಹಳೇ ಮುಖದ ಮಟ್ಟಕ್ಕೇ ಕೂರಬೇಕು, ಅದಕ್ಕಾಗಿ ಮೇಲಿನ ಮುಖ 1.5 ತಗ್ಗು ಮಾಡಬೇಕು. ಬುಷ್ ಮೇಲೆ ಉಳಿದರೆ ಪ್ಲಗ್ಗೂ ಮೇಲೆ ಉಳಿದು ಮಿಸ್ಸಿಂಗ್ ಶುರುವಾಗುತ್ತದೆ. ಕೆಳಗೆ ಚೇಂಬರಿನಲ್ಲಿ ಇಣುಕಿದರೆ ಆ ತುದಿ ಕೆಂಪಗೆ ಕಾದು ಇಂಜಿನ್ ನಾಕ್ ಹೊಡೆಯುತ್ತದೆ. 19ರ ಬದಲು 18.5 ಇಟ್ಟದ್ದು ಅದಕ್ಕೇ.

ಮೂರನೇ ಬುಷ್ ಪ್ಲಗ್ಗಿನ ಜೊತೆಯೇ ಕೈಗೆ ಬಂತು. ಪೆಟ್ರೋಲಿನಲ್ಲಿ ತೊಳೆದಿದ್ದೆ, ಎಣ್ಣೆ ಪಸೆ ಉಳಿದಿತ್ತು. ಎರಡು ತಾಸಿಗೇ ಗಾಡಿಯನ್ನೂ ಕೊಟ್ಟಿದ್ದೆ. ಈಗ ಅಸಿಟೋನ್ ಹಚ್ಚಿ ಎರಡು ಸಲ ತೊಳೆಯುತ್ತೇನೆ. ಲಾಕ್‌ಟೈಟ್ 272 ಅನ್ನುವ ಥ್ರೆಡ್ ಅಂಟು ಹಾಕುತ್ತೇನೆ, ಅದು 230 ಡಿಗ್ರಿ ತಡೆಯುತ್ತದೆ. ಸಾದಾ ಕೆಂಪು ಬಾಟಲಿ ಇಲ್ಲಿ ಕೆಲಸಕ್ಕೆ ಬಾರದು. ಅಲ್ಯೂಮಿನಿಯಂ ಮೇಲೆ ಇದು ಗಟ್ಟಿಯಾಗುವುದು ತಡ, ಹಿತ್ತಾಳೆ ತಾಗಿದರೆ ಬೇಗ. ಹಿತ್ತಾಳೆಯಿಂದ ಸಿಕ್ಕ ಎರಡನೇ ಲಾಭ ಇದು. ಆದರೂ 24 ತಾಸು ಬಿಡಿ, ಧಾರವಾಡದ ಡಿಸೆಂಬರ್ ಚಳಿಯಲ್ಲಿ ಇನ್ನೂ ಅರ್ಧ ದಿನ. ಗಿರಾಕಿ ಎಷ್ಟೇ ಕರಕರೆ ಮಾಡಲಿ, ಚಾವಿ ಕೊಡಬೇಡಿ.

ಪ್ಲಗ್ ಕೂರಿಸುವಾಗ ಕೈಯಿಂದ ಪೂರ್ತಿ, ಆಮೇಲೆ ಹೊಸ ವಾಷರ್ ಇದ್ದರೆ ಅರ್ಧ ಸುತ್ತು. ಟಾರ್ಕ್ ಪಾನಾ ಇದ್ದರೆ 25 ನ್ಯೂಟನ್ ಮೀಟರ್ ಸಾಕು. ಸೋಪಿನ ನೀರು ಹಾಕಿ ನೋಡಿ, ಗುಳ್ಳೆ ಬರಬಾರದು. ಮೊನ್ನೆಯ ಗಾಡಿಗೆ ಆ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) 90 ಚಿಲ್ಲರೆ ಪಿಎಸ್ಐ ಇತ್ತು, ಆಮೇಲೆ 165 ಬಂತು, ಪಕ್ಕದ ಎರಡು 170ರ ಆಸುಪಾಸು.

ಲೆಕ್ಕ ಹೀಗೆ: ಹಿತ್ತಾಳೆ 60 ರೂಪಾಯಿ, ಲೇತ್ 250, ಲಾಕ್‌ಟೈಟ್ ಪಾಲು 30–40. ಟ್ಯಾಪ್, ಬಿಟ್, ಪೈಲಟ್ ಎಲ್ಲ ಸೇರಿ ಒಮ್ಮೆ 2,500 ಬಿದ್ದಿದೆ. ಗಿರಾಕಿಗೆ 1,800 ಹೇಳುತ್ತೇನೆ. ಹೆಡ್ ಇಳಿಸಿ ಆರ್ಗನ್ ಹೊಡೆಸಿದರೆ ಆರು ಸಾವಿರಕ್ಕೆ ಕಡಿಮೆ ಬರುವುದಿಲ್ಲ.

ಸಾವಿರ ಕಿ.ಮೀ.ಗೆ ಗಾಡಿ ವಾಪಸ್ ಕರೆಸಿ, ತಣ್ಣಗಿದ್ದಾಗ ಪ್ಲಗ್ ಬಿಚ್ಚಿ ಕಾಲರ್ ಸುತ್ತ ನೋಡಿ. ಮಸಿಯ ಗೆರೆ ಇಲ್ಲದಿದ್ದರೆ ಮತ್ತೆ ಅದನ್ನು ಮುಟ್ಟುವ ಕೆಲಸವಿಲ್ಲ.