ಕೊನೆಯ ಸಲ ಏನು ಕೆಟ್ಟಿತ್ತು?

ನಾನು ಕಾರವಾರದ ಕಡೆ ಒಂದು ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಟ್ರೇಡ್ ಕಲಿಸುತ್ತೇನೆ. ಪಾಸಾದ ಹುಡುಗರು ಗೋವಾಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಊರಲ್ಲೇ ಉಳಿದವರಿಗೆ ಕಲಿತ ಕೆಲಸ ಸಿಗುವುದು ಕಷ್ಟ. ಆದರೆ ಬೈತಖೋಲ ಬಂದರಿಗೆ ಹೋದರೆ ಬೋಟ್ ಮಾಲೀಕರು, "ಇಂಜಿನ್ ಕೆಲಸಕ್ಕೆ ಜನವೇ ಸಿಗೋದಿಲ್ಲ" ಎನ್ನುತ್ತಾರೆ. ಈ ಎರಡು ಮಾತನ್ನೂ ಒಂದೇ ಊರಲ್ಲಿ ಕೇಳಿ ಕೇಳಿ ನನಗೆ ಸುಮ್ನೆ ಕೂರಲು ಆಗಲಿಲ್ಲ.

ಮೊದಲು ಒಂದು ಫಾರ್ಮ್ ಮಾಡಿ ಹಂಚಿದೆ. ನಿಮಗೆ ಎಂಥ ಕೆಲಸಗಾರ ಬೇಕು, ಏನೇನು ಗೊತ್ತಿರಬೇಕು ಎಂದೆಲ್ಲ ಕೇಳಿದ್ದೆ. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಉತ್ತರ: "ಅನುಭವ ಇರೋ ಒಳ್ಳೆ ಹುಡುಗ." ಇದನ್ನು ಇಟ್ಟುಕೊಂಡು ಸೋಮವಾರ ಬೆಳಿಗ್ಗೆ ವರ್ಕ್‌ಶಾಪ್‌ನಲ್ಲಿ ಏನು ಕಲಿಸಲಿ?

ದಾರಿ ತೋರಿಸಿದ್ದು ಒಬ್ಬ ತಾಂಡೇಲ, ಅಂದರೆ ಬೋಟ್ ನಡೆಸುವವರು. ಜೆಟ್ಟಿಯ ಮೇಲೆ ಮಾತಾಡುತ್ತಾ ಪ್ಲಾಸ್ಟಿಕ್ ಚೀಲದಿಂದ ಒಂದು ರಬ್ಬರ್ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ಎಳೆಯುವ ರೆಕ್ಕೆಚಕ್ರ) ತೆಗೆದು ನನ್ನ ಕೈಗಿಟ್ಟರು. ಅದರ ಮೂರು ರೆಕ್ಕೆ ಹರಿದುಹೋಗಿತ್ತು. "ಮಾಸ್ತರ್ರೇ, ಇದೊಂದಕ್ಕೆ ಅರ್ಧ ದಾರಿಯಿಂದ ವಾಪಸ್ ಬಂದ್ವಿ. ಹೊಸದು ಹಾಕಿಸಿದೆ. ಮತ್ತೆ ಇಂಜಿನ್ ಬಿಸಿ!"

ಬೋಟಿನ ಇಂಜಿನ್ ತಣ್ಣಗಾಗುವುದು ಸಮುದ್ರದ ನೀರಿನಿಂದ. ಪಂಪ್ ಆ ನೀರನ್ನು ಎಳೆದು, ಇಂಜಿನ್ನಿನ ಬಿಸಿಯನ್ನು ಅದಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ಗೆ ಕೊಡುತ್ತದೆ. ಹರಿದ ರೆಕ್ಕೆಯ ಚೂರುಗಳು ನೀರಿನ ಜೊತೆ ಹೋಗಿ ಅದರ ಸಣ್ಣ ಪೈಪುಗಳ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ಅವನ್ನು ತೆಗೆಯದೆ ಹೊಸ ಇಂಪೆಲ್ಲರ್ ಎಷ್ಟು ಹಾಕಿದರೂ ಅಷ್ಟೇ. ನಮ್ಮ ವರ್ಕ್‌ಶಾಪ್‌ನಲ್ಲಿ ಇದ್ದದ್ದು ರೇಡಿಯೇಟರ್ ಮತ್ತು ಫ್ಯಾನ್ ಇರುವ ಲಾರಿ ಇಂಜಿನ್. ಸಮುದ್ರದಿಂದ ಕೂಗಳತೆ ದೂರದಲ್ಲಿದ್ದರೂ ನಮ್ಮ ಹುಡುಗರು ಇಂಪೆಲ್ಲರನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ. ಅವತ್ತು ನನಗೆ ತುಂಬಾ ಬೇಜಾರಾಯಿತು.

ಫಾರ್ಮ್ ಅಲ್ಲಿಗೇ ಬಿಟ್ಟೆ. ನೋಟ್‌ಬುಕ್ ಹಿಡಿದು ಬೇರೆ ಪ್ರಶ್ನೆ ಕೇಳತೊಡಗಿದೆ. ಕೊನೆಯ ಸಲ ಏನು ಕೆಟ್ಟಿತ್ತು? ಯಾರನ್ನು ಕರೆದಿರಿ? ಅವರು ಎಲ್ಲಿಂದ ಬಂದರು? ಎಷ್ಟು ದಿನ ಬೋಟ್ ನಿಂತಿತು? ಈಗ ಜನ ಮಾತಾಡಿದರು. ಡೀಸೆಲ್‌ಗೆ ನೀರು ಸೇರುವುದು, ಉಪ್ಪುಗಾಳಿಗೆ ವೈರಿನ ತುದಿ ಹಸಿರು ಹಿಡಿಯುವುದು, ಪ್ರೊಪೆಲ್ಲರ್ ಶಾಫ್ಟಿನ ಸುತ್ತ ನೀರು ತಡೆಯುವ ಪ್ಯಾಕಿಂಗ್ ಸೋರುವುದು, ಇವೇ ಮತ್ತೆ ಮತ್ತೆ ಬಂದವು.

ಹಳೆಯ ವಿದ್ಯಾರ್ಥಿಗಳಿಗೂ ಫೋನ್ ಮಾಡಿದೆ. "ಇವತ್ತು ಬೆಳಿಗ್ಗೆಯಿಂದ ಏನು ಮಾಡಿದೆ?" ಎಂದಷ್ಟೇ ಕೇಳಿದೆ. ಒಬ್ಬ ಹೇಳಿದ, "ಸರ್, ರಿಪೇರಿಗಿಂತ ಜಾಸ್ತಿ ಹೊತ್ತು ಕ್ಯಾಟಲಾಗ್‌ನಲ್ಲಿ ಪಾರ್ಟ್ ನಂಬರ್ ಹುಡುಕೋದೇ ಆಯ್ತು." ಅದನ್ನು ನಾವು ಕಲಿಸಿಯೇ ಇರಲಿಲ್ಲ, ಅಲ್ವಾ?

ಸಿಲೆಬಸ್ ಇಡೀ ದೇಶಕ್ಕೆ ಒಂದೇ. ಅದನ್ನು ನಾನು ಬದಲಾಯಿಸಲಾರೆ. ಆದರೆ 2022ರ ಪರಿಷ್ಕೃತ ಪಠ್ಯದಲ್ಲಿ ವರ್ಷಕ್ಕೆ 150 ಗಂಟೆ ಹೊರಗೆ ಕೆಲಸದ ಜಾಗದಲ್ಲೇ ಕಲಿಯಬೇಕು ಎಂದಿದೆ. ಹತ್ತಿರದಲ್ಲಿ ಅಂಥ ಜಾಗ ಇಲ್ಲದಿದ್ದರೆ ಮಾತ್ರ ಗುಂಪು ಪ್ರಾಜೆಕ್ಟ್. ಆ 150 ಗಂಟೆಯನ್ನೇ ನಾನು ಹಿಡಿದುಕೊಂಡೆ.

ಮೊದಲ ವರ್ಷ ಹುಡುಗರನ್ನು ಜನವರಿಯಲ್ಲಿ ಬಂದರಿಗೆ ಕಳಿಸಿ ತಪ್ಪು ಮಾಡಿದೆ. ಬೋಟುಗಳೆಲ್ಲ ಸಮುದ್ರದಲ್ಲಿ, ಹುಡುಗರು ಜೆಟ್ಟಿಯ ಮೇಲೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧ. ಇಂಜಿನ್ ಬಿಚ್ಚುವುದು ಆಗ. ನಮಗೋ ಆಗ ಪರೀಕ್ಷೆ ತಯಾರಿಯ ಗಡಿಬಿಡಿ. ಮುಂದಿನ ವರ್ಷ ಥಿಯರಿಯನ್ನು ಬೇಗ ಮುಗಿಸಿ ಜೂನ್ ಮೊದಲ ವಾರಗಳನ್ನು ಖಾಲಿ ಮಾಡಿಕೊಂಡೆ. ಅಪ್ರೆಂಟಿಸ್ ಕಾಯ್ದೆ ಅಪ್ರೆಂಟಿಸರನ್ನು (ಕೆಲಸ ಮಾಡುತ್ತಾ ಕಲಿಯುವವರನ್ನು) ಇಟ್ಟುಕೊಳ್ಳಲೇಬೇಕು ಎನ್ನುವುದು 30 ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಕಡೆಗೆ ಮಾತ್ರ. ಇಲ್ಲಿನ ಗ್ಯಾರೇಜುಗಳಲ್ಲಿ ಇರುವುದೇ ಮೂರು ನಾಲ್ಕು ಜನ. ಹಾಗಾಗಿ ಒಬ್ಬೊಬ್ಬರ ಬಾಗಿಲಿಗೂ ಹೋಗಿ, ಚಾ ಕುಡಿದು ಕೇಳಿಕೊಳ್ಳಬೇಕಾಯಿತು. "ಕೈಗೆ ಪೆಟ್ಟಾದ್ರೆ ಯಾರು ನೋಡ್ತಾರೆ?" ಎಂದವರ ಭಯ ಸರಿಯಾದದ್ದೇ. ಒಂದು ಕಡೆಗೆ ಇಬ್ಬರೇ, ಬೂಟು ಕಡ್ಡಾಯ, ದಿನಾ ನಾನೊಮ್ಮೆ ಬರುತ್ತೇನೆ ಎಂದು ಒಪ್ಪಿಸಿದೆ.

ಆ ಜೂನಿನಲ್ಲಿ ಒಂದು ಸಂಜೆ ಹೋದಾಗ ನಮ್ಮ ಹುಡುಗನೊಬ್ಬ ಹೀಟ್ ಎಕ್ಸ್‌ಚೇಂಜರ್ ಬಿಚ್ಚಿ ಕೂತಿದ್ದ. ಹಳೆಯ ಪೇಪರಿನ ಮೇಲೆ ಇಂಪೆಲ್ಲರ್, ಪಕ್ಕದಲ್ಲಿ ರಬ್ಬರಿನ ಎರಡು ಚೂರು. ಮಳೆ ಶುರುವಾಗಿತ್ತು. ಮಾಲೀಕರು ಮುಚ್ಚು ಎಂದರು. "ಮೂರು ರೆಕ್ಕೆ ಹರಿದಿದೆ, ಎರಡೇ ಸಿಕ್ಕಿದ್ದು" ಎಂದ ಅವನು ಟಾರ್ಚ್ ಹಿಡಿದು ಮತ್ತೆ ಪೈಪಿನೊಳಗೆ ನೋಡತೊಡಗಿದ. ಮಾಲೀಕರು ನನ್ನ ಕಡೆ ತಿರುಗಿ, "ಇವನ ಪರೀಕ್ಷೆ ಯಾವಾಗ ಮುಗಿಯೋದು?" ಎಂದು ಕೇಳಿದರು.