ಗ್ಯಾಲಿಯಂ ನೈಟ್ರೈಡ್ ಹಾಕಿ ಟೋಟಮ್ ಪೋಲ್ ಕಟ್ಟಿದ ನನ್ನ ಅನುಭವ

ಲೈನಿನ ಎಸಿಯನ್ನು 400 ವೋಲ್ಟ್ ಡಿಸಿ ಮಾಡಿಕೊಡುವ 1.5 ಕಿಲೋವ್ಯಾಟ್‌ನ ಒಂದು ಪಿಎಫ್‌ಸಿ ಬೋರ್ಡನ್ನು ನಾನು ಗ್ಯಾಲಿಯಂ ನೈಟ್ರೈಡ್ (ಚಿಕ್ಕದಾಗಿ ಗ್ಯಾನ್) ಟ್ರಾನ್ಸಿಸ್ಟರ್ ಹಾಕಿ ಕಟ್ಟಿದೆ. ಪಿಎಫ್‌ಸಿ ಅಂದರೆ ಪವರ್ ಫ್ಯಾಕ್ಟರ್ ಕರೆಕ್ಷನ್. ಲೈನಿನಿಂದ ಎಳೆಯುವ ಕರೆಂಟ್ ಕೂಡ ವೋಲ್ಟೇಜಿನ ಹಾಗೇ ಸೈನ್ ಆಕಾರದಲ್ಲಿ ಇರುವಂತೆ ನೋಡಿಕೊಳ್ಳುವ ಸರ್ಕ್ಯೂಟ್. ಸರ್ವರ್ ಪವರ್ ಸಪ್ಲೈ, ವಾಹನದ ಚಾರ್ಜರ್, ದೊಡ್ಡ ಅಡಾಪ್ಟರ್, ಎಲ್ಲದರ ಬಾಗಿಲಲ್ಲೂ ಇದೇ ಕೂತಿರುತ್ತದೆ. ಇದರ ಬಗ್ಗೆ ಸಂಶೋಧನಾ ಪ್ರಬಂಧಗಳು ರಾಶಿ ರಾಶಿ ಇವೆ. ಆದರೆ ಪ್ರಬಂಧದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಮಾತಿಗೆ ಬೆಂಚಿನ ಮೇಲೆ ಎಷ್ಟು ಕೆಲಸ ಹಿಡಿಯುತ್ತದೆ ಅನ್ನೋದನ್ನು ಬರೆದವರು ಕಡಿಮೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಹಳೆಯ ಪಿಎಫ್‌ಸಿಯಲ್ಲಿ ಮೊದಲು ನಾಲ್ಕು ಡಯೋಡ್‌ಗಳ ಬ್ರಿಡ್ಜ್, ಆಮೇಲೆ ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರ್. ಯಾವ ಕ್ಷಣ ನೋಡಿದರೂ ಕರೆಂಟಿನ ದಾರಿಯಲ್ಲಿ ಎರಡು ಡಯೋಡ್ ಇದ್ದೇ ಇರುತ್ತವೆ. 230 ವೋಲ್ಟ್ ಲೈನಿನಿಂದ 1.5 ಕಿಲೋವ್ಯಾಟ್ ಎಳೆಯುವಾಗ ಈ ಎರಡು ಡಯೋಡ್‌ಗಳೇ ಸುಮಾರು 10 ವ್ಯಾಟ್ ಬಿಸಿಯಾಗಿ ಕಳೆಯುತ್ತವೆ. ನಾನು ಕಟ್ಟಿದ ಟೋಟಮ್ ಪೋಲ್ ಅನ್ನೋ ಬಗೆಯ ಪಿಎಫ್‌ಸಿಯಲ್ಲಿ ಬ್ರಿಡ್ಜೇ ಇಲ್ಲ. ಎರಡು ಕಾಲುಗಳಿವೆ. ಒಂದರಲ್ಲಿ ವೇಗವಾಗಿ ಸ್ವಿಚ್ ಆಗುವ ಗ್ಯಾನ್ ಜೋಡಿ, ಇನ್ನೊಂದರಲ್ಲಿ ಲೈನಿನ 50 ಅಥವಾ 60 ಹರ್ಟ್ಸ್‌ಗೆ ನಿಧಾನವಾಗಿ ಸ್ವಿಚ್ ಆಗುವ ಸಿಲಿಕಾನ್ ಮಾಸ್ಫೆಟ್ (ಮಾಮೂಲಿ ಪವರ್ ಟ್ರಾನ್ಸಿಸ್ಟರ್) ಜೋಡಿ.

ಈ ಸರ್ಕ್ಯೂಟ್ ಹೊಸದೇನಲ್ಲ. ಆದರೆ ಸಿಲಿಕಾನ್ ಮಾಸ್ಫೆಟ್‌ನಲ್ಲಿ ಹುಟ್ಟಿನಿಂದಲೇ ಒಂದು ಬಾಡಿ ಡಯೋಡ್ ಇದೆ. ಅದರಲ್ಲಿ ಕರೆಂಟ್ ಹರಿಯುತ್ತಿದ್ದಾಗ ಥಟ್ಟನೆ ಎದುರು ವೋಲ್ಟೇಜ್ ಬಿದ್ದರೆ, ಒಳಗೆ ಸೇರಿಕೊಂಡ ಚಾರ್ಜ್ ಖಾಲಿಯಾಗುವವರೆಗೂ ಅದು ಉಲ್ಟಾ ಕರೆಂಟ್ ಬಿಡುತ್ತದೆ. 400 ವೋಲ್ಟ್‌ನಲ್ಲಿ ಪ್ರತಿ ಸೈಕಲ್ಲಿಗೂ ಹೀಗಾದರೆ ಟ್ರಾನ್ಸಿಸ್ಟರ್ ಉಳಿಯೋದಿಲ್ಲ. ಗ್ಯಾನ್‌ನಲ್ಲಿ ಅಂಥ ಡಯೋಡ್ ಇಲ್ಲ. ರಿವರ್ಸ್ ರಿಕವರಿ ಅನ್ನೋದೇ ಇಲ್ಲ. ಎಷ್ಟೋ ವರ್ಷ ಕಾಗದದ ಮೇಲೇ ಉಳಿದಿದ್ದ ಸರ್ಕ್ಯೂಟ್ ಬಳಕೆಗೆ ಬಂದದ್ದು ಇದರಿಂದ.

ಗ್ಯಾಲಿಯಂ ನೈಟ್ರೈಡ್‌ನ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಬಿಡುಗಡೆಯಾಗಿ ಹರಿಯಲು ಬೇಕಾದ ಶಕ್ತಿ, 3.4 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನ್‌ನದು 1.12. ಅದು ತಡೆಯುವ ವಿದ್ಯುತ್ ಕ್ಷೇತ್ರ ಸಿಲಿಕಾನ್‌ಗಿಂತ ಸುಮಾರು ಹತ್ತು ಪಟ್ಟು. ಹಾಗಾಗಿ ಅದೇ ವೋಲ್ಟೇಜಿಗೆ ಸಾಧನ ತುಂಬಾ ಚಿಕ್ಕದಾಗುತ್ತದೆ, ಕೆಪಾಸಿಟೆನ್ಸ್ ಇಳಿಯುತ್ತದೆ, ಸ್ವಿಚಿಂಗ್ ವೇಗ ಏರುತ್ತದೆ. ನೀಲಿ ಎಲ್‌ಇಡಿಗೆ 2014ರಲ್ಲಿ ಅಕಸಾಕಿ, ಅಮಾನೋ, ನಕಾಮುರಾ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತಲ್ಲ, ಅದೂ ಇದೇ ವಸ್ತು. ಮೊಬೈಲ್ ಟವರಿನ ಆಂಪ್ಲಿಫೈಯರ್‌ಗಳಲ್ಲೂ ಇದೇ ಇದೆ. ನನ್ನನ್ನು ಇದರ ಕಡೆ ಎಳೆದದ್ದು ಗೂಗಲ್‌ನ ಲಿಟಲ್ ಬಾಕ್ಸ್ ಚಾಲೆಂಜ್. 2 ಕೆವಿಎ ಇನ್ವರ್ಟರ್ ಒಂದು ಘನ ಇಂಚಿಗೆ 50 ವ್ಯಾಟ್‌ಗಿಂತ ಜಾಸ್ತಿ ಕೊಡಬೇಕಿತ್ತು. 2016ರಲ್ಲಿ ಗೆದ್ದ ಸಿಇ ಪ್ಲಸ್ ಟಿ ಕಂಪನಿಯ ತಂಡ ಗ್ಯಾನ್ ಬಳಸಿ 140 ವ್ಯಾಟ್ ದಾಟಿತು. ಆ ತಂಡದ ವಿನ್ಯಾಸದ ವಿವರಗಳನ್ನು ಓದಿದಾಗ ನನಗೆ ಇದನ್ನು ಕೈಯಾರೆ ಮಾಡಿಯೇ ನೋಡಬೇಕು ಅನ್ನಿಸಿತು.

ಮೊದಲು ಕೈ ಹಾಕಿದ್ದು ಗೇಟ್‌ಗೆ, ಅಂದರೆ ಟ್ರಾನ್ಸಿಸ್ಟರನ್ನು ತೆರೆದು ಮುಚ್ಚುವ ಪಿನ್ನಿಗೆ. ಇಲ್ಲಿ ತೆರೆಯೋದು ಅಂದರೆ ಕರೆಂಟ್ ಹರಿಯಬಿಡೋದು, ಮುಚ್ಚೋದು ಅಂದರೆ ತಡೆಯೋದು. ನಾನು ಬಳಸಿದ ಬಗೆಯ ಗ್ಯಾನ್ 1.5 ವೋಲ್ಟ್ ಆಸುಪಾಸಿನಲ್ಲಿ ತೆರೆದುಕೊಳ್ಳಲು ಶುರುವಾಗುತ್ತದೆ. ಪೂರ್ತಿ ತೆರೆಯಲು 6 ವೋಲ್ಟ್ ಬೇಕು. 7 ದಾಟಿದರೆ ಗೇಟ್ ಹಾಳು. ಸಿಲಿಕಾನ್ ಮಾಸ್ಫೆಟ್‌ನ ಗೇಟ್ 20 ವೋಲ್ಟ್ ತಡೆಯುತ್ತದೆ, ಅಲ್ಲಿ ಇಷ್ಟು ಯೋಚನೆ ಮಾಡಬೇಕಾಗಿಲ್ಲ. ಇಲ್ಲಿ ಮೇಲೂ ಜಾಗ ಇಲ್ಲ, ಕೆಳಗೂ ಇಲ್ಲ.

ಒಂದು ಲೆಕ್ಕ ನೋಡಿ. ಗೇಟ್ ಮತ್ತು ಡ್ರೈನ್ (ಕರೆಂಟ್ ಒಳಬರುವ ತುದಿ) ನಡುವೆ 2 ಪಿಕೋಫ್ಯಾರಡ್ ಇದೆ ಅಂತ ಇಟ್ಟುಕೊಳ್ಳೋಣ. ಎರಡು ಟ್ರಾನ್ಸಿಸ್ಟರ್‌ಗಳ ನಡುವಿನ ಸ್ವಿಚ್ ನೋಡ್ 400 ವೋಲ್ಟನ್ನು 5 ನ್ಯಾನೋಸೆಕೆಂಡಿನಲ್ಲಿ ಏರುತ್ತದೆ. ಅಂದರೆ ನ್ಯಾನೋಸೆಕೆಂಡಿಗೆ 80 ವೋಲ್ಟ್. ಆ ಪುಟ್ಟ ಕೆಪಾಸಿಟೆನ್ಸ್ ಮೂಲಕ ಗೇಟ್‌ಗೆ ನುಗ್ಗುವ ಕರೆಂಟ್ 0.16 ಆಂಪಿಯರ್. ಗೇಟ್ ದಾರಿಯಲ್ಲಿ 10 ಓಮ್ ರೆಸಿಸ್ಟರ್ ಇದ್ದರೆ ಅಲ್ಲಿ 1.6 ವೋಲ್ಟ್ ಹುಟ್ಟಿತು. ಮುಚ್ಚಿರಬೇಕಾದ ಟ್ರಾನ್ಸಿಸ್ಟರ್ ತೆರೆಯಿತು, ಮೇಲಿನದು ಕೆಳಗಿನದು ಎರಡೂ ಒಟ್ಟಿಗೆ ತೆರೆದು 400 ವೋಲ್ಟ್ ನೇರ ಶಾರ್ಟ್. ಆದ್ದರಿಂದ ತೆರೆಯುವ ದಾರಿಗೆ 10 ಓಮ್, ಮುಚ್ಚುವ ದಾರಿಗೆ ಬೇರೆಯಾಗಿ 1 ಓಮ್ ಇಟ್ಟೆ. ಮುಚ್ಚುವಾಗ ಗೇಟ್‌ಗೆ ನೆಗೆಟಿವ್ ವೋಲ್ಟೇಜ್ ಕೊಡುವ ದಾರಿಯೂ ಇದೆ. ಆದರೆ ಗ್ಯಾನ್‌ನಲ್ಲಿ ಹಾಗೆ ಕೊಟ್ಟಷ್ಟೂ ಉಲ್ಟಾ ಕರೆಂಟ್ ಹರಿಯುವಾಗಿನ ಡ್ರಾಪ್ ಅಷ್ಟೇ ಏರುತ್ತದೆ. ಹಾಗಾಗಿ ನಾನು ಸೊನ್ನೆಯಲ್ಲೇ ನಿಲ್ಲಿಸಿದೆ.

ಆ ಉಲ್ಟಾ ಡ್ರಾಪ್ ಇನ್ನೊಂದು ಕಡೆ ಬಂದು ಕಾಡುತ್ತದೆ. ಮೇಲಿನ ಟ್ರಾನ್ಸಿಸ್ಟರ್‌ನ ಗೇಟ್ ನಡೆಸುವ ಡ್ರೈವರ್‌ಗೆ ಬೂಟ್‌ಸ್ಟ್ರಾಪ್ ಕೆಪಾಸಿಟರ್‌ನಿಂದ ಪವರ್ ಕೊಡೋದು ಸಾಮಾನ್ಯ. ಸ್ವಿಚ್ ನೋಡ್ ಕೆಳಗಿದ್ದಾಗ ಅದು ಒಂದು ಡಯೋಡಿನ ಮೂಲಕ ತುಂಬಿಕೊಳ್ಳುತ್ತದೆ. ಡೆಡ್ ಟೈಮಿನಲ್ಲಿ, ಅಂದರೆ ಎರಡೂ ಮುಚ್ಚಿರುವ ಆ ಚೂರು ಹೊತ್ತಿನಲ್ಲಿ, ಸ್ವಿಚ್ ನೋಡ್ ಸೊನ್ನೆಗಿಂತ 2.5 ವೋಲ್ಟಿನಷ್ಟು ಕೆಳಗೆ ಇಳಿಯುತ್ತದೆ. ಬೂಟ್‌ಸ್ಟ್ರಾಪ್ ಕೆಪಾಸಿಟರ್ ಆಗ 6 ವೋಲ್ಟಿನ ಜೊತೆ ಈ 2.5 ಅನ್ನೂ ತುಂಬಿಕೊಳ್ಳುತ್ತದೆ. ಡಯೋಡಿನ ಡ್ರಾಪ್ ಕಳೆದರೂ 7 ದಾಟಿತು. ಗೇಟ್ ಸದ್ದಿಲ್ಲದೆ ಹೋಗುತ್ತದೆ, ಕಾರಣ ಹುಡುಕೋದು ಕಷ್ಟ. ನಾನು ಬೂಟ್‌ಸ್ಟ್ರಾಪ್‌ನಲ್ಲಿ ಬೇಕೆಂದೇ ಜಾಸ್ತಿ ವೋಲ್ಟೇಜ್ ತುಂಬಿಸಿ, ಅಲ್ಲಿಂದ ಒಂದು ಚಿಕ್ಕ ರೆಗ್ಯುಲೇಟರ್ ಮೂಲಕ 6ಕ್ಕೆ ಇಳಿಸಿದೆ. ಜಾಗ ಸ್ವಲ್ಪ ಹೋಯಿತು, ನೆಮ್ಮದಿ ಸಿಕ್ಕಿತು.

ಇನ್ನು ಲೇಔಟ್. ಗ್ಯಾನ್ ಬೋರ್ಡಿನಲ್ಲಿ ತಾಮ್ರದ ದಾರಿಯೂ ಒಂದು ಕಾಂಪೊನೆಂಟೇ ಅಂತ ತಿಳಿದುಕೊಂಡು ಕೂರಬೇಕು. 20 ಆಂಪಿಯರ್ 5 ನ್ಯಾನೋಸೆಕೆಂಡಿನಲ್ಲಿ ಬದಲಾಗುತ್ತದೆ ಅಂದರೆ, ದಾರಿಯಲ್ಲಿ ಬರೀ 10 ನ್ಯಾನೋಹೆನ್ರಿ ಇದ್ದರೂ 40 ವೋಲ್ಟ್ ಜಿಗಿತ. ಒಂದು ಸೆಂಟಿಮೀಟರ್ ತಂತಿಗೆ ಸುಮಾರು 10 ನ್ಯಾನೋಹೆನ್ರಿ ಇರುತ್ತದೆ. ಹಾಗಾದರೆ ಕೆಪಾಸಿಟರ್ ಎಲ್ಲಿ ಕೂರಬೇಕು ಅನ್ನೋದಕ್ಕೆ ಬೇರೆ ಮಾತು ಬೇಡ, ಟ್ರಾನ್ಸಿಸ್ಟರ್‌ಗೆ ಅಂಟಿಕೊಂಡೇ ಕೂರಬೇಕು. ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ದೂರ ಇದ್ದರೂ ನಡೆಯುತ್ತದೆ. ಆದರೆ ಎರಡು ಟ್ರಾನ್ಸಿಸ್ಟರ್‌ಗಳ ಪಕ್ಕದಲ್ಲೇ ಚಿಕ್ಕ ಸೆರಾಮಿಕ್ ಕೆಪಾಸಿಟರ್‌ಗಳ ಸಾಲು ಬೇಕು. ಮೇಲಿನ ಪದರದಲ್ಲಿ ಹೋದ ಕರೆಂಟ್ ಅದರ ಕೆಳಗಿನ ಎರಡನೇ ಪದರದಲ್ಲೇ, ನೇರ ಅಡಿಯಲ್ಲಿ, ವಾಪಸ್ ಬರುವ ಹಾಗೆ ತಾಮ್ರ ಹರಡಿದೆ. ಹೋಗುವ ಕರೆಂಟು, ಬರುವ ಕರೆಂಟು ಎದುರುಬದುರು ಇದ್ದಾಗ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಕಳೆಯುತ್ತದೆ. ಈ ಎರಡು ಪದರಗಳ ನಡುವಿನ ಅಂತರ ತೆಳ್ಳಗಿದ್ದಷ್ಟೂ ಒಳ್ಳೆಯದು. ಬೋರ್ಡ್ ಮಾಡಿಸುವಾಗ ಪದರಗಳ ದಪ್ಪ ಕೇಳಿ, ಬರೆದುಕೊಂಡು, ಆಮೇಲೆ ಆರ್ಡರ್ ಕೊಡಿ.

ಗೇಟ್‌ನ ವಾಪಸ್ ದಾರಿಯನ್ನು ಪವರ್ ದಾರಿಯ ಜೊತೆ ಬೆರೆಸಬೇಡಿ. ಹೊಸ ಪ್ಯಾಕೇಜ್‌ಗಳಲ್ಲಿ ಇದಕ್ಕೆಂದೇ ಕೆಲ್ವಿನ್ ಸೋರ್ಸ್ ಪಿನ್ ಇರುತ್ತದೆ. ಬಿಸಿಯ ವಿಷಯ ಹೇಳೋದಾದರೆ, ಮೇಲಿನಿಂದ ತಂಪಾಗುವ ಪ್ಯಾಕೇಜ್ ಸಿಕ್ಕರೆ ಅದನ್ನೇ ತಗೊಳ್ಳಿ. ಲೇಔಟಿಗೂ ಹೀಟ್‌ಸಿಂಕಿಗೂ ಜಗಳ ಇರೋದಿಲ್ಲ.

ಈಗ ನನಗೆ ಅತ್ಯಂತ ಮುಖ್ಯ ಅನ್ನಿಸುವ ಭಾಗ, ಅಳತೆ. ಅರ್ಧ ಕೆಲಸ ಇದೇ. ಸ್ಕೋಪ್ (ವೋಲ್ಟೇಜಿನ ಅಲೆ ತೋರಿಸುವ ಆಸಿಲೋಸ್ಕೋಪ್) ಪ್ರೋಬಿನ ಜೊತೆ ಬರುವ ಮೊಸಳೆ ಕ್ಲಿಪ್ಪಿನ ಗ್ರೌಂಡ್ ತಂತಿ 10 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಅದರ ಇಂಡಕ್ಟೆನ್ಸ್ ಸುಮಾರು 100 ನ್ಯಾನೋಹೆನ್ರಿ, ಪ್ರೋಬಿನ ಕೆಪಾಸಿಟೆನ್ಸ್ 10 ಪಿಕೋಫ್ಯಾರಡ್. ಎರಡೂ ಸೇರಿ ಸುಮಾರು 160 ಮೆಗಾಹರ್ಟ್ಸ್‌ನಲ್ಲಿ ರಿಂಗ್ ಆಗುತ್ತವೆ. ಸ್ಕ್ರೀನಿನ ಮೇಲೆ ಕಾಣುವ ಆ ರಿಂಗಿಂಗ್ ಬೋರ್ಡಿನದಲ್ಲ, ತಂತಿಯದು. ಅದನ್ನು ನಿಜ ಅಂತ ನಂಬಿ ಗೇಟ್ ರೆಸಿಸ್ಟರ್ ಜಾಸ್ತಿ ಮಾಡುತ್ತಾ ಹೋದರೆ ಗ್ಯಾನ್ ಹಾಕಿದ ಪ್ರಯೋಜನವೇ ಹೋಯಿತು. ಕ್ಲಿಪ್ ಕಿತ್ತು, ತುದಿಗೆ ಸ್ಪ್ರಿಂಗ್ ಹಾಕಿ, ಟ್ರಾನ್ಸಿಸ್ಟರ್‌ನ ಕಾಲಿನಲ್ಲೇ ಮುಟ್ಟಿಸಿ ನೋಡಿದೆ. ಅದೇ ಬೋರ್ಡ್, ಅದೇ ಪಲ್ಸ್, ಅಂಚು ಮಾತ್ರ ಬೇರೆಯೇ ಕಂಡಿತು. ಸ್ಕೋಪಿನ ಬ್ಯಾಂಡ್‌ವಿಡ್ತ್ ಕೂಡ ಗಮನಿಸಿ. 0.35 ಅನ್ನು ರೈಸ್ ಟೈಮಿನಿಂದ ಭಾಗಿಸಿದರೆ 5 ನ್ಯಾನೋಸೆಕೆಂಡಿಗೆ 70 ಮೆಗಾಹರ್ಟ್ಸ್ ಬರುತ್ತದೆ. ಅಂಚನ್ನು ಸರಿಯಾಗಿ ನೋಡಲು ಅದರ ಮೂರರಿಂದ ಐದು ಪಟ್ಟು ಬೇಕು.

ಮೇಲಿನ ಟ್ರಾನ್ಸಿಸ್ಟರ್‌ನ ಗೇಟ್ ನೋಡೋದು ಇನ್ನೂ ಕಷ್ಟ. ಅದು ಕೂತಿರುವ ನೆಲವೇ 400 ವೋಲ್ಟ್ ಮೇಲೆ ಕೆಳಗೆ ಹಾರುತ್ತಿರುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಪ್ರೋಬ್ ಅಷ್ಟು ವೇಗದಲ್ಲಿ ಆ ಹಾರಾಟವನ್ನು ಕಳೆಯಲಾರದು, ಅದನ್ನೇ ಗೇಟ್ ಸಿಗ್ನಲ್ ಅಂತ ತೋರಿಸುತ್ತದೆ. ಬೆಳಕಿನ ಮೂಲಕ ಐಸೊಲೇಟ್ ಆದ ಪ್ರೋಬ್ ಇದ್ದರೆ ಒಳ್ಳೆಯದು. ನನ್ನ ಬಳಿ ಇರಲಿಲ್ಲ. ಹಾಗಾಗಿ ಎಲ್ಲ ಅಳತೆಯನ್ನೂ ಕೆಳಗಿನ ಟ್ರಾನ್ಸಿಸ್ಟರ್ ಮೇಲೆ ಮಾಡಿದೆ. ಇಂಡಕ್ಟರನ್ನು ಬಸ್ಸಿಗೋ (400 ವೋಲ್ಟಿನ ಡಿಸಿ ದಾರಿ) ಗ್ರೌಂಡಿಗೋ ಬದಲಿಸಿದರೆ ಕೆಳಗಿನದನ್ನೇ ಮುಖ್ಯ ಸ್ವಿಚ್ ಆಗಿಯೂ, ಮುಖ್ಯ ಸ್ವಿಚ್ ಮುಚ್ಚಿದಾಗ ಡಯೋಡಿನ ಬದಲು ಕರೆಂಟ್ ಹೊರುವ ಸಿಂಕ್ರೊನಸ್ ಸ್ವಿಚ್ ಆಗಿಯೂ ಪರೀಕ್ಷಿಸಬಹುದು.

ಆ ಪರೀಕ್ಷೆಯೇ ಡಬಲ್ ಪಲ್ಸ್. 400 ವೋಲ್ಟ್ ಬಸ್, 100 ಮೈಕ್ರೋಹೆನ್ರಿ ಇಂಡಕ್ಟರ್. ಮೊದಲ ಪಲ್ಸ್ 5 ಮೈಕ್ರೋಸೆಕೆಂಡ್. ಕರೆಂಟ್ ನೇರ ಗೆರೆಯಲ್ಲಿ ಏರಿ 20 ಆಂಪಿಯರ್ ಮುಟ್ಟುತ್ತದೆ. ಮುಚ್ಚಿದಾಗ ಟರ್ನ್ ಆಫ್ ಕಾಣುತ್ತದೆ. ಚೂರು ಬಿಟ್ಟು ಚಿಕ್ಕ ಎರಡನೇ ಪಲ್ಸ್, ಅದೇ 20 ಆಂಪಿಯರ್‌ನಲ್ಲಿ ಟರ್ನ್ ಆನ್. ಬರೀ ಎರಡು ಪಲ್ಸ್ ಆದ್ದರಿಂದ ಟ್ರಾನ್ಸಿಸ್ಟರ್ ಬಿಸಿಯಾಗೋದಿಲ್ಲ, ಹೀಟ್‌ಸಿಂಕ್ ಬೇಡ. ಹೊಸ ಬೋರ್ಡಿಗೆ ಮೊದಲು 50 ವೋಲ್ಟ್ ಕೊಟ್ಟು, ಅಂಚು ನೋಡಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆ. ಸಪ್ಲೈನ ಕರೆಂಟ್ ಲಿಮಿಟ್ ಅನ್ನು ಆದಷ್ಟು ಕೆಳಗಿಟ್ಟೆ. ಪ್ರತಿ ಸಲ ಮುಟ್ಟುವ ಮುಂಚೆ ಬಸ್ ಕೆಪಾಸಿಟರ್ ಡಿಸ್ಚಾರ್ಜ್ ಆಗಿದೆಯಾ ಅಂತ ಮೀಟರ್ ಹಿಡಿದು ನೋಡಿದೆ. ಇದರಲ್ಲಿ ಅವಸರ ಬೇಡ, 400 ವೋಲ್ಟ್ ಡಿಸಿ ಜೀವ ತೆಗೆಯುತ್ತದೆ.

ಗ್ಯಾನ್‌ಗೆ ಡೈನಮಿಕ್ ರೆಸಿಸ್ಟೆನ್ಸ್ ಅನ್ನೋ ಗುಣ ಇದೆ. ಹೆಚ್ಚು ವೋಲ್ಟೇಜ್ ತಡೆದು ನಿಂತಿದ್ದಾಗ ಕೆಲವು ಎಲೆಕ್ಟ್ರಾನ್‌ಗಳು ಒಳಗೆ ಸಿಕ್ಕಿಕೊಳ್ಳುತ್ತವೆ. ತೆರೆದ ತಕ್ಷಣ ರೆಸಿಸ್ಟೆನ್ಸ್ ಡೇಟಾಶೀಟ್‌ನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಇರುತ್ತದೆ. ಇದನ್ನು ಅಳೆಯುವ ಪದ್ಧತಿಗೆ ಸೆಮಿಕಂಡಕ್ಟರ್ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ 2019ರಲ್ಲಿ ಒಂದು ಮಾರ್ಗಸೂಚಿ ತಂದಿದೆ, ಜೆಇಪಿ 173. ನಷ್ಟದ ಲೆಕ್ಕ ಹಾಕುವಾಗ ಇದಕ್ಕೂ ಸ್ವಲ್ಪ ಜಾಗ ಬಿಡಿ.

ಬೋರ್ಡ್ 400 ವೋಲ್ಟಿನಲ್ಲಿ ನಿಂತ ಮೇಲೆ ಕಂಟ್ರೋಲ್. ಸ್ವಿಚಿಂಗನ್ನು 140 ಕಿಲೋಹರ್ಟ್ಸ್‌ಗೆ ಇಟ್ಟೆ. ಉಪಕರಣಗಳ ವಿದ್ಯುತ್ ನಾಯ್ಸಿಗೆ ಮಿತಿ ಹಾಕುವ ಸಿಸ್ಪರ್ ಮಾನದಂಡಗಳಲ್ಲಿ ಲೈನಿಗೆ ಹೋಗುವ ನಾಯ್ಸಿನ ಅಳತೆ ಸಾಮಾನ್ಯವಾಗಿ 150 ಕಿಲೋಹರ್ಟ್ಸ್‌ನಿಂದ ಶುರುವಾಗುತ್ತದೆ. 140 ಅದರ ಕೆಳಗೆ ಉಳಿಯುತ್ತದೆ, ಫಿಲ್ಟರ್ ಅದರ ಎರಡು ಪಟ್ಟಾದ 280ರಿಂದ ಮೇಲಿನದನ್ನು ನೋಡಿಕೊಂಡರೆ ಸಾಕು. ಮೆಗಾಹರ್ಟ್ಸ್‌ಗೆ ಏರಿಸಿದ ಪ್ರಬಂಧಗಳು ಬೇಕಾದಷ್ಟಿವೆ. ಆದರೆ ನನ್ನ ಸರ್ಕ್ಯೂಟ್ ಹಾರ್ಡ್ ಸ್ವಿಚಿಂಗ್, ಅಂದರೆ ಮೈಮೇಲೆ ಪೂರ್ತಿ ವೋಲ್ಟೇಜ್ ಇರುವಾಗಲೇ ತೆರೆಯುವಂಥದ್ದು. ಅದರಲ್ಲಿ ಹಾಗೆ ಏರಿಸಿದರೆ ಇಂಡಕ್ಟರ್ ಚಿಕ್ಕದಾಗುತ್ತದೆ, ನಷ್ಟ ದೊಡ್ಡದಾಗುತ್ತದೆ. ಡೆಡ್ ಟೈಮಿನ ಲೆಕ್ಕವೂ ಇದೇ ಕಡೆ ಎಳೆಯುತ್ತದೆ. 10 ಆಂಪಿಯರ್, 2.5 ವೋಲ್ಟ್, ಸೈಕಲ್ಲಿಗೆ ಎರಡು ಸಲ 50 ನ್ಯಾನೋಸೆಕೆಂಡ್ ಅಂದರೆ 140 ಕಿಲೋಹರ್ಟ್ಸ್‌ನಲ್ಲಿ 0.35 ವ್ಯಾಟ್. ಮೆಗಾಹರ್ಟ್ಸ್‌ನಲ್ಲಿ ಅದೇ 2.5 ವ್ಯಾಟ್.

ಟೋಟಮ್ ಪೋಲ್‌ನ ನಿಜವಾದ ಪರೀಕ್ಷೆ ಲೈನ್ ವೋಲ್ಟೇಜ್ ಸೊನ್ನೆ ದಾಟುವಾಗ. ಪಾಸಿಟಿವ್ ಅರ್ಧದಲ್ಲಿ ಕೆಳಗಿನ ಗ್ಯಾನ್ ಮುಖ್ಯ ಸ್ವಿಚ್, ನೆಗೆಟಿವ್ ಅರ್ಧದಲ್ಲಿ ಮೇಲಿನದು. ಸೊನ್ನೆಯ ಹತ್ತಿರ ಮುಖ್ಯ ಸ್ವಿಚ್ಚಿನ ಡ್ಯೂಟಿ (ಪ್ರತಿ ಸೈಕಲ್ಲಿನಲ್ಲಿ ಅದು ತೆರೆದಿರುವ ಪಾಲು) 100 ಶೇಕಡಾ ಮುಟ್ಟುತ್ತಿರುತ್ತದೆ. ದಾಟಿದ ಕೂಡಲೇ ಪಾತ್ರ ಅದಲುಬದಲು. ಆದರೆ ನಿಧಾನದ ಕಾಲಿನ ಮೇಲಿನ ಮಾಸ್ಫೆಟ್ ಇನ್ನೂ 400 ವೋಲ್ಟ್ ಹೊತ್ತು ನಿಂತಿದೆ. ಅದರ ಕೆಪಾಸಿಟೆನ್ಸ್ ಖಾಲಿಯಾಗಿಲ್ಲ. ಆಗ ಹೊಸ ಮುಖ್ಯ ಸ್ವಿಚ್ ಪೂರ್ತಿ ಡ್ಯೂಟಿಯಲ್ಲಿ ತೆರೆದರೆ ಬಸ್ಸಿನ 400 ವೋಲ್ಟ್ ಅಷ್ಟೂ ಇಂಡಕ್ಟರ್ ಮೇಲೆ ಬೀಳುತ್ತದೆ. ಕರೆಂಟಿನಲ್ಲಿ ಚೂಪಾದ ಮುಳ್ಳು ಏಳುತ್ತದೆ.

ನಾನು ಮಾಡಿದ್ದು ಹೀಗೆ. ಸೊನ್ನೆಯ ಆಸುಪಾಸಿನಲ್ಲಿ ನಾಲ್ಕೂ ಸ್ವಿಚ್ ಒಂದು ಕ್ಷಣ ಮುಚ್ಚಿಸಿದೆ. ಆಮೇಲೆ ಹೊಸ ಮುಖ್ಯ ಸ್ವಿಚ್ಚಿಗೆ ತೀರಾ ಕಿರಿದಾದ ಪಲ್ಸ್ ಕೊಟ್ಟು, ಒಂದೊಂದಾಗಿ ಅಗಲ ಮಾಡುತ್ತಾ ಹೋದೆ. ಇಷ್ಟು ಹೊತ್ತೂ ಸಿಂಕ್ರೊನಸ್ ಸ್ವಿಚ್ ಮುಚ್ಚಿಯೇ ಇತ್ತು. ನಿಧಾನದ ಕಾಲಿನ ವೋಲ್ಟೇಜ್ ಮೆತ್ತಗೆ ಜರುಗಿ ತನ್ನ ಜಾಗಕ್ಕೆ ಬಂದ ಮೇಲೆ ಅದರ ಮಾಸ್ಫೆಟ್ ತೆರೆದೆ. ಮುಚ್ಚಿಸಿಡುವ ಹೊತ್ತು ಜಾಸ್ತಿಯಾದರೆ ಕರೆಂಟ್ ಸೊನ್ನೆಯಲ್ಲಿ ಚಪ್ಪಟೆಯಾಗಿ ಹಾರ್ಮಾನಿಕ್ಸ್ (ಸೈನ್ ಆಕಾರ ಕೆಡಿಸುವ ಹೆಚ್ಚಿನ ಫ್ರೀಕ್ವೆನ್ಸಿಗಳು) ಏರುತ್ತದೆ, ಕಡಿಮೆಯಾದರೆ ಮುಳ್ಳು ವಾಪಸ್ ಬರುತ್ತದೆ. ನಡುವಿನ ಜಾಗ ಸಿಗುವವರೆಗೂ ಸ್ಕೋಪಿನ ಮುಂದೆ ಕೂತು ತಿದ್ದೋದೇ. ಲೈನ್ ವೋಲ್ಟೇಜಿನಲ್ಲಿ ಗಲೀಜು ಇದ್ದರೆ ಸೊನ್ನೆ ಎರಡೆರಡು ಸಲ ದಾಟಿದ ಹಾಗೆ ಕಾಣುತ್ತದೆ. ಆದ್ದರಿಂದ ಕಚ್ಚಾ ಸಿಗ್ನಲ್ ನಂಬದೆ, ಲೈನಿನ ಲಯವನ್ನು ಹಿಡಿದು ಅನುಸರಿಸುವ ಪಿಎಲ್‌ಎಲ್ ಹೇಳಿದ ಕೋನ ನೋಡಿ ಪಾತ್ರ ಬದಲಿಸಿದೆ. ಇದಾದ ಮೇಲೆ ಕರೆಂಟಿನ ಸೈನ್ ಆಕಾರ ನೋಡಲು ಚಂದ ಬಂತು.

ಈ ಕ್ಷೇತ್ರ ಈಗ ಜೋರಾಗಿ ಓಡುತ್ತಿದೆ. 2024ರಲ್ಲಿ ಇನ್ಫಿನಿಯಾನ್ 300 ಮಿಲಿಮೀಟರ್ ವೇಫರ್ ಮೇಲೆ ಗ್ಯಾನ್ ಮಾಡಿ ತೋರಿಸಿತು. 2025ರಲ್ಲಿ ಎನ್ವಿಡಿಯಾ ಡೇಟಾ ಸೆಂಟರ್ ರ‍್ಯಾಕ್‌ಗಳಿಗೆ 800 ವೋಲ್ಟ್ ಡಿಸಿ ಯೋಜನೆ ಮುಂದಿಟ್ಟಿತು. ಆದರೆ ನನ್ನ ಆಸಕ್ತಿ ಎರಡೂ ದಿಕ್ಕಿನ ವೋಲ್ಟೇಜ್ ತಡೆಯುವ, ಒಂದೇ ಚಿಪ್ಪಿನಲ್ಲಿ ಎರಡು ಗೇಟ್ ಇರುವ ಹೊಸ ಗ್ಯಾನ್ ಸ್ವಿಚ್ ಕಡೆ ಇದೆ. ಹಿಂದೆ ಇದಕ್ಕೆ ಎರಡು ಟ್ರಾನ್ಸಿಸ್ಟರ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಬೇಕಿತ್ತು, ರೆಸಿಸ್ಟೆನ್ಸ್ ಎರಡು ಪಟ್ಟು. ಇದರಲ್ಲಿ ತಡೆಯುವ ಜಾಗ ಎರಡೂ ದಿಕ್ಕಿಗೆ ಒಂದೇ. ಎಸಿಯಿಂದ ನಡುವೆ 400 ವೋಲ್ಟ್ ಬಸ್ಸೇ ಇಲ್ಲದೆ ಒಂದೇ ಹಂತದಲ್ಲಿ ಬ್ಯಾಟರಿಗೆ ಹೋಗುವ ಕನ್ವರ್ಟರ್ ಇದರಿಂದ ಮಾಡಬಹುದು. ಎರಡೂ ಗೇಟ್‌ಗೆ ಬೇರೆ ಬೇರೆ ಐಸೊಲೇಟೆಡ್ ಸಪ್ಲೈ ಬೇಕು. ಆದ್ದರಿಂದ ಅದರ ಡಬಲ್ ಪಲ್ಸ್ ಬೋರ್ಡಿನ ಲೇಔಟನ್ನು ಡ್ರೈವರ್ ಕಡೆಯಿಂದಲೇ ಶುರು ಮಾಡಿದ್ದೇನೆ.